ಮುಡಿಪು ಕಟ್ಟಿದ ಕೈ

ಸೊಪ್ಪಿನಹಾಳದ ಗುರುಪಾದಯ್ಯನವರ ಮಠವನ್ನು ಮಠವೆಂದು ಕರೆಯುತ್ತಿದ್ದವರು ಭಕ್ತರು ಮಾತ್ರ. ಪರವೂರಿನಿಂದ ಬಂದವರು ಯಾರದೋ ದನದ ಕೊಟ್ಟಿಗೆಯೆಂದು ಅದನ್ನು ದಾಟಿ ಹೋಗಿ, ಊರ ತುದಿಯಲ್ಲಿ ನಿಂತು ಮಠ ಎಲ್ಲಿದೆ ಎಂದು ಕೇಳುತ್ತಿದ್ದರು. ಅವರ ತಪ್ಪೇನೂ ಇರಲಿಲ್ಲ. ಮುಂದಿನ ಅರ್ಧದಲ್ಲಿ ನಿಜವಾಗಿಯೂ ಆಕಳುಗಳೇ ಇರುತ್ತಿದ್ದವು, ಹಿಂದಿನ ಅರ್ಧದಲ್ಲಿ ಪೂಜ್ಯರು ಇರುತ್ತಿದ್ದರು. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮೂಲೆಯಲ್ಲೊಂದು ಕಂಬಳಿ, ಗೂಡಿನಲ್ಲೊಂದು ಹಣತೆ. ಆ ಆಕಳುಗಳ ಸೆಗಣಿಯನ್ನು ಒಣಗಿಸಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ಪೂಜ್ಯರು ತಮ್ಮ ಕೈಯಾರೆ ವಿಭೂತಿ ಗಟ್ಟಿ ಮಾಡುತ್ತಿದ್ದರು. ಸುತ್ತಲಿನ ಊರುಗಳ ಹಣೆಗಳಿಗೆಲ್ಲ ವಿಭೂತಿ ಇಲ್ಲಿಂದಲೇ ಹೋಗುತ್ತಿತ್ತು.

ಪೂಜ್ಯರ ಬಗ್ಗೆ ಭಕ್ತರು ಹೇಳುವ ಕಥೆಗಳಲ್ಲಿ ಹಾವು ಹೆಡೆಯೆತ್ತಿ ನಮಸ್ಕರಿಸಿದ್ದು ಬರುತ್ತದೆ, ಬತ್ತಿದ ಬಾವಿ ತುಂಬಿದ್ದೂ ಬರುತ್ತದೆ. ಈ ಪ್ರಸಂಗದಲ್ಲಿ ಅಂಥದ್ದು ಯಾವುದೂ ಇಲ್ಲ. ಪವಾಡ ಕೇಳಬೇಕೆಂದು ಕುಳಿತವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದರಲ್ಲಿ ಇರುವುದು ಒಬ್ಬ ಸೂಲಗಿತ್ತಿ, ಒಂದು ಹೆರಿಗೆ ಮತ್ತು ಪೂಜ್ಯರು ಭಿಕ್ಷೆಗೆ ಹೋದ ಒಂದು ಬೆಳಗು.

ಆ ಸೂಲಗಿತ್ತಿಯ ಹೆಸರು ಹುಲಿಗೆವ್ವ. ಅತ್ತೆಯಿಂದ ಕಲಿತ ಕಸುಬು. ಊರಿನಲ್ಲಿ ಓಡಾಡುವ ಮಂದಿಯಲ್ಲಿ ಅರ್ಧಕ್ಕರ್ಧ ಆಕೆಯ ಕೈಯಲ್ಲೇ ಹುಟ್ಟಿದವರು. ಮೀಸೆ ತಿರುವಿಕೊಂಡು ಚಾವಡಿಯಲ್ಲಿ ಕುಳಿತ ಗಂಡಸು ಸ್ವಲ್ಪ ಜೋರು ಮಾಡಿದರೆ, ಅವನು ಹುಟ್ಟಿದಾಗ ಹೇಗಿದ್ದ, ಎಷ್ಟು ಅತ್ತ, ಯಾರ ಮೇಲೆ ಉಚ್ಚೆ ಹೊಯ್ದ ಎಂಬುದನ್ನು ಎಲ್ಲರೆದುರು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಆಕೆಯ ಬಾಯಿಗೆ ಊರು ಹೆದರುತ್ತಿತ್ತು, ಆದರೆ ಕೈಯನ್ನು ನಂಬುತ್ತಿತ್ತು. ಹೆರಿಗೆ ಸಸೂತ್ರವಾದ ಮನೆಯಲ್ಲೆಲ್ಲ ಒಂದೇ ಮಾತು: ಹುಲಿಗೆವ್ವನ ಕೈಗುಣ ದೊಡ್ಡದು. ಕೇಳೀ ಕೇಳೀ ಆಕೆಗೂ ಅದು ಹೌದೆನ್ನಿಸಿತ್ತು. ಹೌದೆನ್ನಿಸದೆ ಇರುವುದಕ್ಕೆ ಕಾರಣವೂ ಇರಲಿಲ್ಲ.

ಈ ಪ್ರಸಂಗಕ್ಕೆ ಹಿಂದಿನ ವರ್ಷ ಗಾಣಿಗೇರ ಮನೆಯ ಸೊಸೆ ಪಾರವ್ವನ ಹೆರಿಗೆಯಾಯಿತು. ಕೂಸು ಸಲೀಸಾಗಿ ಬಂತು, ಚೆನ್ನಾಗಿ ಅತ್ತಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಹುಲಿಗೆವ್ವ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು, ಹೊಟ್ಟೆ ಒತ್ತಿ ಹಿಡಿದಳು, ತೋಳು ಸೋಲುವವರೆಗೆ ಹಿಡಿದೇ ಇದ್ದಳು. ಮಧ್ಯಾಹ್ನದ ಹೊತ್ತಿಗೆ ಪಾರವ್ವ ಹೋಗಿಬಿಟ್ಟಳು. ಯಾರೂ ಹುಲಿಗೆವ್ವನಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಆಕೆಗೆ ಹೆಚ್ಚು ಚುಚ್ಚಿತು. ಕೆಲವು ದಿನಗಳ ಮೇಲೆ ಬಾವಿಕಟ್ಟೆಯಲ್ಲಿ ಯಾರೋ ಕೈಗುಣ ಹೋಯಿತೇನೋ ಎಂದು ಮೆಲ್ಲಗೆ ಹೇಳಿದ್ದು ಕಿವಿಗೆ ಬಿತ್ತು. ಕೊಡವನ್ನು ಅಲ್ಲೇ ಇಟ್ಟು ಆಕೆ ನೆಟ್ಟಗೆ ಊರದೇವಿ ದ್ಯಾಮವ್ವನ ಗುಡಿಗೆ ನಡೆದಳು.

ದೇವರಿಗೆ ಮುಡಿಪು ಕಟ್ಟುವುದು ಆ ಊರಿಗೆ ಹೊಸದಲ್ಲ. ಅರಿಶಿಣದ ಬಟ್ಟೆಯಲ್ಲಿ ಕಾಸು ಕಟ್ಟಿಡುತ್ತಾರೆ, ಕರುವೊಂದನ್ನು ದೇವಿಯ ಹೆಸರಿನಲ್ಲಿ ಬಿಡುತ್ತಾರೆ, ಹೊಲದ ಮೊದಲ ತೆನೆಯನ್ನು ಮೀಸಲಿಡುತ್ತಾರೆ. ಹುಲಿಗೆವ್ವ ತನ್ನ ಕೈಯನ್ನೇ ಮುಡಿಪು ಕೊಟ್ಟಳು. ಅರಿಶಿಣದ ಬಟ್ಟೆಯನ್ನು ಬಲಗೈ ಮಣಿಕಟ್ಟಿಗೆ ಬಿಗಿದು, ಈ ಕೈ ಇನ್ನು ನಿನ್ನದು, ಬಾಣಂತಿಯ ಕೋಣೆಯಲ್ಲಿ ಇದನ್ನು ಇನ್ನು ಆಡಿಸುವುದಿಲ್ಲ ಎಂದು ದೇವಿಯ ಮುಂದೆ ಹೇಳಿ ಬಂದಳು. ಭಕ್ತಿಯಿಂದ ಕೊಟ್ಟದ್ದೆಂದು ಊರು ತಿಳಿಯಿತು. ನಿಜ ಹೇಳಬೇಕೆಂದರೆ ಅದು ಸಿಟ್ಟು. ಇಷ್ಟು ವರ್ಷ ಜೊತೆಗಿದ್ದು ಪಾರವ್ವನ ಹೊತ್ತಿಗೆ ಕೈಬಿಟ್ಟೆಯಲ್ಲ, ಹಾಗಿದ್ದರೆ ಈ ಕೈಯನ್ನೂ ನೀನೇ ಇಟ್ಟುಕೋ ಎಂಬ ಸಿಟ್ಟು. ಆ ದಿನದ ನಂತರ ಆಕೆ ಗುಡಿಯ ಕಡೆ ತಲೆ ಹಾಕಲಿಲ್ಲ. ರೊಟ್ಟಿ ಬಡಿಯಲು, ನೆಲ ಸಾರಿಸಲು, ಜಗಳಕ್ಕೆ ನಿಂತಾಗ ಮುಖದ ಮುಂದೆ ಆಡಿಸಲು ಆ ಕೈಗೆ ಅಪ್ಪಣೆ ಇತ್ತು. ಹೆರಿಗೆಗೆ ಮಾತ್ರ ಇರಲಿಲ್ಲ.

ಊರಿನ ಬಸುರಿಯರು ಆ ವರ್ಷ ಚಕ್ಕಡಿಯಲ್ಲಿ ಕುಲುಕಾಡಿಕೊಂಡು ಬೇರೆ ಊರಿನ ಸೂಲಗಿತ್ತಿಯ ಹತ್ತಿರ ಹೋದರು. ಹೇಗೋ ನಡೆಯಿತು.

ಹೀಗಿರುವಾಗ ಒಂದು ಬೆಳಗ್ಗೆ ನೇಕಾರ ಓಣಿಯ ಗುರವ್ವ ಹುಲಿಗೆವ್ವನ ಬಾಗಿಲಿಗೆ ಬಂದಳು. ಗುರವ್ವನ ಮಗಳು ನಿಂಬೆವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ರಾತ್ರಿಯೇ ನೋವು ಶುರುವಾಗಿತ್ತು. ಬೇರೆ ಊರಿನ ಸೂಲಗಿತ್ತಿ ತನ್ನ ಮಗಳ ಮನೆಗೆ ಹೋಗಿದ್ದಾಳೆಂದು ಚಕ್ಕಡಿ ಬರಿದೇ ಹಿಂದಿರುಗಿತ್ತು. ಆಸ್ಪತ್ರೆ ಇರುವ ಊರು ಚಕ್ಕಡಿಯಲ್ಲಿ ಒಂದು ಹಗಲಿನ ದಾರಿ, ಆ ಸ್ಥಿತಿಯಲ್ಲಿ ಹುಡುಗಿಯನ್ನು ಕುಲುಕಾಡಿಸುವ ಹಾಗಿರಲಿಲ್ಲ. ಹೊಟ್ಟೆ ಮುಟ್ಟಿ ನೋಡಿದ ಅಕ್ಕಪಕ್ಕದ ಮುದುಕಿಯರು ತಲೆ ಮೇಲಿದೆ, ಕೂಸು ತಿರುಗಿಲ್ಲ ಎಂದು ಹೇಳಿ ಕೈಚೆಲ್ಲಿದ್ದರು. ಗುರವ್ವ ಇಷ್ಟನ್ನೂ ಹೇಳಿ ಸೆರಗೊಡ್ಡಿದಳು. ಹುಲಿಗೆವ್ವ ಮಣಿಕಟ್ಟು ತೋರಿಸಿದಳು. ಮುಡಿಪಿನ ಕೈ, ಮಾತು ಮುರಿದರೆ ದ್ಯಾಮವ್ವ ನಿನ್ನ ಮಗಳನ್ನೇ ತೆಗೆದುಕೊಂಡಾಳು ಎಂದಳು. ಗುರವ್ವ ಬೇಡಿಕೊಂಡಳು, ಅತ್ತಳು, ಕಡೆಗೆ, ನೀನು ಬರುವವರೆಗೆ ಮಗಳನ್ನು ಹಿಡಿದಿಟ್ಟುಕೊಂಡಿರುತ್ತೇನೆ ಎಂದು ಹೇಳಿ ಹೋದಳು. ಬರುವುದಿಲ್ಲ ಎಂಬ ಮಾತನ್ನು ಆಕೆ ಕೇಳಿಸಿಕೊಂಡಂತೆಯೇ ಇರಲಿಲ್ಲ.

ಹುಲಿಗೆವ್ವನಿಗೆ ಒಲೆಯ ಮುಂದೆ ಕೂರಲಾಗಲಿಲ್ಲ. ನಿಂಬೆವ್ವನೂ ಆಕೆಯ ಕೈಯಲ್ಲೇ ಹುಟ್ಟಿದವಳು. ಹೋಗದಿದ್ದರೆ ಆ ಹುಡುಗಿಗೆ ಏನಾಗಬಹುದು ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಹೋಗೋಣವೆಂದರೆ ಪಾರವ್ವನ ಮುಖ ಕಣ್ಣ ಮುಂದೆ ಬರುತ್ತಿತ್ತು. ತನಗೆ ಬೇಕಾದದ್ದು ಒಂದೇ ಎಂದು ಆಕೆ ನಿರ್ಧರಿಸಿದಳು. ನೇಕಾರ ಓಣಿಯವರು ಮಠದ ಭಕ್ತರು, ದೇವರಿಗೆ ಕೊಟ್ಟ ಮಾತು ಮುರಿಯಬಾರದು ಎಂದು ಪೂಜ್ಯರು ಒಮ್ಮೆ ಹೇಳಿದರೆ ಸಾಕು, ಯಾರೂ ತನ್ನ ಬಾಗಿಲಿಗೆ ಬರುವುದಿಲ್ಲ. ಊರು ಅಜ್ಜನವರೆಂದು ಕರೆಯುವ ಪೂಜ್ಯರ ಬಗ್ಗೆ ಆಕೆಗೆ ಅಂಥ ಭಕ್ತಿಯೇನೂ ಇರಲಿಲ್ಲ. ಹೆರುವ ಕೋಣೆಯ ಒಳಗೆ ಕಾಲಿಡದ ಗಂಡಸರಿಗೆ ದೇವರ ವಿಷಯ ಎಷ್ಟು ತಿಳಿದೀತು ಎಂಬುದು ಆಕೆಯ ಅಭಿಪ್ರಾಯ. ಆದರೆ ಆ ಬೆಳಗ್ಗೆ ಅವರ ಒಂದು ಮಾತು ಆಕೆಗೆ ಬೇಕಿತ್ತು.

ಆಕೆ ಹೋದಾಗ ಗುರುಪಾದಯ್ಯನವರು ಕಲ್ಲುಚಪ್ಪಡಿಯ ಮುಂದೆ ಕುಳಿತು ವಿಭೂತಿ ತಟ್ಟುತ್ತಿದ್ದರು. ಹುಲಿಗೆವ್ವ ದೂರದಿಂದಲೇ ಶರಣು ಮಾಡಿ, ಮುಡಿಪಿನ ಕಥೆಯನ್ನೂ ಗುರವ್ವ ಬಂದದ್ದನ್ನೂ ಹೇಳಿದಳು. ಮಾತು ಮುರಿಯಬಾರದು ಎಂದು ತಾವು ಓಣಿಯವರಿಗೆ ಅಪ್ಪಣೆ ಕೊಡಿಸಬೇಕು ಎಂದು ಕೇಳಿಕೊಂಡಳು. ಪೂಜ್ಯರು ಕೈಯಲ್ಲಿದ್ದ ಗಟ್ಟಿಯನ್ನು ತಟ್ಟಿ ಮುಗಿಸಿದರು, ಬಿಸಿಲಿಗೆ ಇಟ್ಟರು, ಕೈ ತೊಳೆದುಕೊಂಡರು. ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಬೆತ್ತ ತೆಗೆದುಕೊಂಡರು.

"ಭಿಕ್ಷಾಕ್ಕ ಹೊತ್ತಾತು. ಕಣ್ಣು ಮಸುಕಾಗ್ಯಾವ ತಂಗಿ, ಕೈ ಹಿಡಕೊಂಡು ನಡಿ," ಎಂದರು.

ಪೂಜ್ಯರ ಕಣ್ಣಿಗೆ ಪೊರೆ ಬಂದದ್ದು ನಿಜ. ಆದರೆ ಊರಿನ ಓಣಿಗಳು ಅವರ ಪಾದಗಳಿಗೆ ಚೆನ್ನಾಗಿ ಗೊತ್ತಿದ್ದವು, ಅವರು ಒಬ್ಬರೇ ಹೋಗಿ ಬರುತ್ತಿದ್ದುದನ್ನು ಎಲ್ಲರೂ ಕಂಡಿದ್ದರು. ಹುಲಿಗೆವ್ವನಿಗೆ ಅದೆಲ್ಲ ಯೋಚಿಸುವ ವ್ಯವಧಾನ ಇರಲಿಲ್ಲ. ಆಕೆ ಎಡಗೈ ಚಾಚಿದಳು. ಪೂಜ್ಯರು ತಡಕಿ, ಮುಡಿಪು ಕಟ್ಟಿದ ಬಲಗೈಯನ್ನೇ ಹಿಡಿದುಕೊಂಡರು. ಆಕೆ ಬಿಡಿಸಿಕೊಳ್ಳಲು ನೋಡಿ, ಹಿರಿಯರೆಂದು ಸುಮ್ಮನಾದಳು.

ಕಂತಿಭಿಕ್ಷೆಗೆ ಹೊರಟ ಜಂಗಮರು ಐದು ಮನೆಗಳಿಗಿಂತ ಹೆಚ್ಚು ಹೋಗುವುದಿಲ್ಲ, ಕೊಟ್ಟದ್ದರಲ್ಲಿ ಇದು ಬೇಕು ಇದು ಬೇಡ ಎನ್ನುವುದಿಲ್ಲ. ಗುರುಪಾದಯ್ಯನವರು ದಿನಾಲೂ ಮಠದ ಹತ್ತಿರದ ಓಣಿಯಲ್ಲೇ ಮುಗಿಸಿ ಬರುತ್ತಿದ್ದರು. ಆ ದಿನ ಅವರು ಪಡುವಣ ದಿಕ್ಕಿಗೆ ತಿರುಗಿದರು.

ಮೊದಲು ಬಂದದ್ದು ಹೂಗಾರರ ಮನೆ. ಪೂಜ್ಯರು ಯಾರ ಮನೆ ಎಂದು ಕೇಳಿದರು. ಹುಲಿಗೆವ್ವ ಮನೆಯ ಹಿರಿಯನ ಹೆಸರು ಹೇಳಿದಳು. ಅದು ಊರಿಗೆಲ್ಲ ಗೊತ್ತು, ನಿನಗೆ ಗೊತ್ತಿರುವುದನ್ನು ಹೇಳು ಎಂದರು. ಆಕೆಗೆ ಅರ್ಥವಾಗಲಿಲ್ಲ. ಈ ಮನೆಯಲ್ಲಿ ಯಾರ ಹೆರಿಗೆ ಮಾಡಿಸಿದ್ದೀಯ ಎಂದು ಅವರು ಕೇಳಿದ ಮೇಲೆ ಹೇಳತೊಡಗಿದಳು. ಆಕೆ ಒಬ್ಬಳೇ ಮಾಡಿಸಿದ ಮೊದಲ ಹೆರಿಗೆ ಅದೇ ಮನೆಯದು. ಹುಲಿಗೆವ್ವ ಆಗಿನ್ನೂ ಹೊಸ ಸೊಸೆ, ಅತ್ತೆ ಜ್ವರ ಬಂದು ಹಾಸಿಗೆ ಹಿಡಿದಿದ್ದಳು. ಹೂಗಾರರ ಮನೆಯಿಂದ ಕರೆ ಬಂದಾಗ ಸೊಸೆಯನ್ನೇ ಕಳಿಸಿದ್ದಳು. ಹೊರಟವಳಿಗೆ ನಡುದಾರಿಯಲ್ಲಿ ಕಲಿತದ್ದೆಲ್ಲ ಮರೆತುಹೋಗಿತ್ತು.

ಪೂಜ್ಯರು, "ಅಂಜಿಕಿ ಇತ್ತೇನು?" ಎಂದು ಕೇಳಿದರು.

"ಇತ್ರಿ ಅಜ್ಜಾರ. ಕೈ ಗಡಗಡ ನಡಗತಿದ್ವು."

ಮತ್ತೆ ಏನು ಮಾಡಿದೆ ಎಂದು ಕೇಳಿದರು. ಏನು ಮಾಡಿದ್ದೆಂಬುದು ಆಕೆಗೆ ಆ ಕ್ಷಣದಲ್ಲಿ ನೆನಪಾಯಿತು. ಇದೇ ಹೊಸ್ತಿಲಿನ ಹೊರಗೆ ನಿಂತು, ತಾಯಿ ದ್ಯಾಮವ್ವ, ನನಗೆ ಏನೂ ಬರುವುದಿಲ್ಲ, ನೀನೇ ಬಂದು ಮಾಡು ಎಂದು ಹೇಳಿಕೊಂಡಿದ್ದಳು. ಹೇಳಿ ಒಳಗೆ ಹೋಗಿದ್ದಳು. ಆ ದಿನ ಹುಟ್ಟಿದ ಹುಡುಗನೇ ಈಗ ಮನೆಯ ಯಜಮಾನ. ಅವನ ಹೆಂಡತಿ ಮೊರದಲ್ಲಿ ಜೋಳ ತಂದು ಜೋಳಿಗೆಗೆ ಹಾಕಿ, ಹುಲಿಗೆವ್ವ ಅಜ್ಜನವರ ಜೊತೆ ಬಂದದ್ದನ್ನು ನೋಡಿ ಸೋಜಿಗಪಟ್ಟು ಒಳಗೆ ಹೋದಳು. ಆ ಮಾತನ್ನು ಹೇಳಿಕೊಳ್ಳುವುದನ್ನು ತಾನು ಯಾವಾಗ ಬಿಟ್ಟೆ ಎಂದು ಹುಲಿಗೆವ್ವ ಯೋಚಿಸಿದಳು. ಊರಿನವರು ಕೈಗುಣ ಕೈಗುಣ ಎನ್ನಲು ಶುರುಮಾಡಿದ ಮೇಲೆ ಇರಬೇಕು. ಇದನ್ನೆಲ್ಲ ಪೂಜ್ಯರಿಗೆ ಹೇಳಿದಳು. ಪೂಜ್ಯರು ಮುಂದೆ ನಡೆದರು.

ಪತ್ತಾರರ ಮನೆಯಲ್ಲಿ ಹೊಕ್ಕಳಬಳ್ಳಿ ಕೊರಳಿಗೆ ಸುತ್ತಿಕೊಂಡು ಹುಟ್ಟಿದ ಹೆಣ್ಣುಕೂಸು. ಮೈಯೆಲ್ಲ ನೀಲಿ, ಅಳು ಇಲ್ಲ, ಮನೆಯವರು ಆಗಲೇ ಗೋಳಾಡಲು ಶುರುಮಾಡಿದ್ದರು. ಬಳ್ಳಿ ಬಿಡಿಸಿ ಬೆನ್ನು ಉಜ್ಜುತ್ತ ಕೂತಿದ್ದೆ, ಬಿಟ್ಟುಬಿಡೋಣವೆನ್ನುವಾಗ ಸೀನಿತು ಎಂದಳು. ಕಂಬಾರರ ಮನೆಯಲ್ಲಿ ಅವಳಿ. ಒಂದೇ ಎಂದುಕೊಂಡು ಕೈ ತೊಳೆಯಲು ಎದ್ದಾಗ ಇನ್ನೊಂದು ಇದೆಯೆಂದು ಗೊತ್ತಾಗಿ ಎದೆ ಹೊಡೆದುಕೊಂಡಿತ್ತಂತೆ. ಅದನ್ನು ಹೇಳುವಾಗ ಆಕೆಗೇ ನಗು ಬಂತು. ವರ್ಷದಿಂದ ಆ ಮುಖದಲ್ಲಿ ನಗು ಕಂಡವರಿರಲಿಲ್ಲ. ಪ್ರತಿ ಬಾಗಿಲಲ್ಲೂ ಪೂಜ್ಯರು ಅದೇ ಒಂದು ಪ್ರಶ್ನೆ ಕೇಳಿದರು, ಅಂಜಿಕೆ ಇತ್ತೇನು ಎಂದು. ಪ್ರತಿ ಬಾಗಿಲಲ್ಲೂ ಆಕೆ ಇತ್ತು ಎಂದಳು. ತಾನು ಧೈರ್ಯಸ್ಥೆ, ಪಾರವ್ವ ಸತ್ತ ಮೇಲೆ ಧೈರ್ಯ ಹೋಯಿತು ಎಂದೇ ಆಕೆ ಈ ತನಕ ತಿಳಿದಿದ್ದಳು. ಹೇಳುತ್ತ ಹೋದಂತೆ, ಧೈರ್ಯವಾಗಿ ಒಳಗೆ ಹೋದ ಒಂದು ಮನೆಯೂ ಆಕೆಗೆ ನೆನಪಾಗಲಿಲ್ಲ. ಅಂಜಿಕೊಂಡೇ ಹೋಗಿದ್ದಳು, ಹೋದ ಮೇಲೆ ಹೇಗೋ ದಾರಿ ಸಿಕ್ಕಿತ್ತು. ಆ ದಾರಿ ತೋರಿಸಿದ್ದು ತನ್ನ ಕೈಯೇ ಎಂದು ಹೇಳಲು ಈಗ ನಾಲಗೆ ಏಳಲಿಲ್ಲ.

ಮುಂದಿನದು ಗಾಣಿಗೇರ ಮನೆ. ದೂರದಿಂದಲೇ ಎಣ್ಣೆಯ ವಾಸನೆ ಬರುತ್ತಿತ್ತು. ಹುಲಿಗೆವ್ವನ ಕಾಲು ಅಲ್ಲಿಗೇ ನಿಂತವು. ಪಾರವ್ವ ಸತ್ತ ಮೇಲೆ ಆಕೆ ಆ ಮನೆಯ ಮುಂದೆ ಹಾದಿರಲಿಲ್ಲ, ಸುತ್ತು ಬಳಸಿಯಾದರೂ ಬೇರೆ ಓಣಿ ಹಿಡಿಯುತ್ತಿದ್ದಳು. ಇದೊಂದು ಮನೆ ಬಿಡೋಣ ಎಂದು ಕೇಳಿಕೊಂಡಳು. ಪೂಜ್ಯರು ಕೈ ಬಿಡಲಿಲ್ಲ, ಜಗ್ಗಲೂ ಇಲ್ಲ. ಆಕೆ ಹೆಜ್ಜೆ ಎತ್ತುವವರೆಗೆ ಬಿಸಿಲಲ್ಲಿ ಹಾಗೆಯೇ ನಿಂತರು.

ಬಾಗಿಲಿಗೆ ಬಂದಾಗ ಯಾರ ಮನೆ ಎಂದು ಅವರು ಕೇಳಿದರು. ಅಷ್ಟರಲ್ಲಿ ಪಾರವ್ವನ ಅತ್ತೆ ಬಸಲಿಂಗವ್ವ ಒಂದು ಕೈಯಲ್ಲಿ ಜೋಳದ ಬಟ್ಟಲು ಹಿಡಿದು ಹೊರಗೆ ಬಂದಳು. ಕಂಕುಳಲ್ಲಿ ಗುಂಗುರು ಕೂದಲಿನ ಗಂಡುಕೂಸು. ಎಣ್ಣೆ ಹಚ್ಚಿ ಮಿರಿಮಿರಿ ಮಿಂಚುತ್ತಿತ್ತು. ಬಟ್ಟಲಿಗೆ ಕೈಹಾಕಿ ಜೋಳ ಚೆಲ್ಲುತ್ತಿತ್ತು. ಹುಲಿಗೆವ್ವ ಅದನ್ನು ಕಣ್ಣು ಬಿಟ್ಟು ನೋಡಿದಳು. ಪಾರವ್ವನ ಸಾವು ಆಕೆಗೆ ನಿತ್ಯ ನೆನಪಿತ್ತು. ಆ ದಿನ ತನ್ನ ಕೈಗೆ ಒಂದು ಕೂಸೂ ಬಂದಿತ್ತು, ಅದು ಎಲ್ಲೋ ಬೆಳೆಯುತ್ತಿದೆ ಎಂಬುದು ಒಮ್ಮೆಯೂ ನೆನಪಾಗಿರಲಿಲ್ಲ. ಆಕೆ ನೆಲಕ್ಕೆ ಕುಸಿದು ಬಸಲಿಂಗವ್ವನ ಕಾಲು ಹಿಡಿಯಲು ಹೋದಳು.

ಬಸಲಿಂಗವ್ವ ಹಿಂದಕ್ಕೆ ಸರಿದು, "ಸೊಸಿ ಹ್ವಾದದ್ದು ನಾ ಮರಿಯಂಗಿಲ್ಲವ್ವ. ದಿನಾ ಅಳತೀನಿ. ನೀ ಬರಲಿಲ್ಲಂದ್ರ ಎರಡೂ ಹೋಗತಿದ್ವು. ಅದನ್ನೂ ಮರಿಯಂಗಿಲ್ಲ. ನೀ ಯಾಕ ಒಂದನ್ನ ಹಿಡಕೊಂಡು ಕುಂತಿ?" ಎಂದಳು.

ಬೈಗುಳದಂತೆಯೇ ಹೇಳಿದಳು. ಆಮೇಲೆ ಕೂಸನ್ನು ಹುಲಿಗೆವ್ವನ ಮಡಿಲಿಗೆ ಕೊಟ್ಟು ಪೂಜ್ಯರ ಜೋಳಿಗೆಗೆ ಜೋಳ ಸುರಿದಳು. ಕೂಸಿಗೆ ಹೊಸ ಮುಖದ ಗುರುತಿರಲಿಲ್ಲ, ಅಳತೊಡಗಿತು. ಹುಲಿಗೆವ್ವನೂ ಅತ್ತಳು, ಬೀದಿಯಲ್ಲಿ ನಾಲ್ಕು ಜನ ನೋಡುತ್ತಿದ್ದಾರೆ ಎಂಬುದರ ಪರಿವೆಯಿಲ್ಲದೆ ಅತ್ತಳು. ಪಾರವ್ವ ಹೋದ ದಿನವೂ ಆಕೆ ಅಳಲಿಕ್ಕೆ ಕೂತಿರಲಿಲ್ಲ.

ಅಲ್ಲಿಂದ ಓಣಿ ತಿರುಗಿದರೆ ಮಗ್ಗಗಳ ಸದ್ದು ಕೇಳಬೇಕು. ಆ ದಿನ ಒಂದು ಮಗ್ಗವೂ ಆಡುತ್ತಿರಲಿಲ್ಲ. ನೇಕಾರರು ಗುರವ್ವನ ಮನೆಯ ಮುಂದೆ ಗುಂಪುಗೂಡಿದ್ದರು. ಒಳಗಿನಿಂದ ನಿಂಬೆವ್ವನ ಕೂಗು ಬರುತ್ತಿತ್ತು. ಐದನೆಯ ಮನೆ ಅದೇ ಎಂಬುದು ಹುಲಿಗೆವ್ವನಿಗೆ ಆಗ ತಿಳಿಯಿತು. ಆಕೆಯ ಕಾಲು ಮತ್ತೆ ತಡೆದವು. ನೆನಪುಗಳೆಲ್ಲ ಸರಿ, ಆದರೆ ಮಾತು ಕೊಟ್ಟಾಗಿದೆ, ಮುರಿದು ಒಳಗೆ ಹೋಗಿ ಏನಾದರೂ ಆದರೆ ಅದು ಯಾರ ತಲೆಗೆ ಎಂದು ಕೇಳಿದಳು. ಕೈಯೇ ಕೊಟ್ಟುಬಿಟ್ಟಿದ್ದೇನೆ ಅಜ್ಜಾರ ಎಂದಳು.

ಗುರುಪಾದಯ್ಯನವರು ಅಷ್ಟು ದೂರ ಹಿಡಿದುಕೊಂಡು ಬಂದ ಆ ಕೈಯನ್ನು ಆಕೆಯ ಮುಂದೆಯೇ ಎತ್ತಿ ಹಿಡಿದರು.

"ಕೊಟ್ಟದ್ದು ಚಲೋ ಆತು. ಕೊಟ್ಟ ಮ್ಯಾಲ ಇದು ದ್ಯಾಮವ್ವನ ಕೈ. ಅಕಿ ಕೈಯನ್ನ ಅಕಿ ಕೆಲಸಕ್ಕ ಕಳಸಂಗಿಲ್ಲ ಅನ್ನಾಕ ನೀ ಯಾರು? ಇಷ್ಟ ಮನ್ಯಾಗ ಬಂದಾಕಿ ಈ ಮನಿಗಿ ಬರಂಗಿಲ್ಲಂತ ನಿನಗ ಯಾರು ಹೇಳಿದ್ರು?"

ಇಷ್ಟು ಹೇಳಿ ಅವರು ಕೈ ಬಿಟ್ಟರು. ಪೂಜ್ಯರು ಅಲ್ಲೇ ಮನೆಯ ಮುಂದಿನ ಕಟ್ಟೆಯ ಮೇಲೆ ಬೆತ್ತ ಒರಗಿಸಿ ಕುಳಿತರು. ಈ ಮನೆಯ ಭಿಕ್ಷೆ ಆಮೇಲೆ ಬರಲಿ, ಅವಸರವಿಲ್ಲ ಎಂದು ಓಣಿಯವರಿಗೆ ಹೇಳಿದರು. ಹುಲಿಗೆವ್ವ ಹೊಸ್ತಿಲಿನ ಹೊರಗೆ ಒಂದು ಗಳಿಗೆ ನಿಂತಳು. ತುಟಿ ಅಲ್ಲಾಡಿದ್ದನ್ನು ಹತ್ತಿರವಿದ್ದವರು ಕಂಡರು. ಆಮೇಲೆ ಬಿಸಿನೀರು ಕೇಳಿದಳು, ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಮುಡಿಪಿನ ಬಟ್ಟೆ ನೆನೆದು ಅಡ್ಡ ಬಂದದ್ದರಿಂದ ಬಿಚ್ಚಿ ದೇವರ ಗೂಡಿನಲ್ಲಿ ಇಡಲು ಹೇಳಿ ಒಳಗೆ ಹೋದಳು.

ಒಳಗೆ ಮುದುಕಿಯರ ಮಾತು ನಿಜವಾಗಿತ್ತು. ಕೂಸು ಕಾಲು ಮುಂದಾಗಿ ಬರುತ್ತಿತ್ತು. ನಿಂಬೆವ್ವ ತೊಲೆಗೆ ಕಟ್ಟಿದ ಹಗ್ಗ ಹಿಡಿದು ಜೋತುಬಿದ್ದಿದ್ದಳು, ಕಣ್ಣುಗುಡ್ಡೆ ಮೇಲೆ ಸಿಕ್ಕಿದ್ದವು, ನನ್ನನ್ನು ಬಿಟ್ಟುಬಿಡಿ ಎಂದು ಒಂದೇ ಸಮ ಹೇಳುತ್ತಿದ್ದಳು. ಗುರವ್ವ ದಿಕ್ಕು ತೋಚದೆ ಕೂಸಿನ ಕಾಲು ಕಂಡರೆ ಹಿಡಿದು ಎಳೆದುಬಿಡು ಎಂದಳು. ಹಾಗೆ ಎಳೆದರೆ ಕೂಸಿನ ಕೈಗಳು ಮೇಲಕ್ಕೆ ಹೋಗಿ ತಲೆಯ ಹತ್ತಿರ ಸಿಕ್ಕಿಕೊಳ್ಳುತ್ತವೆ, ಆಮೇಲೆ ಯಾರಿಂದಲೂ ಆಗುವುದಿಲ್ಲ. ಹೆದರಿದ ಕೈಗೆ ಎಳೆಯುವುದೇ ಸುಲಭ. ಎಳೆಯದೆ ಕಾಯುವುದು ಕಷ್ಟ. ಕಾಲು ಕಂಡ ಕೂಡಲೇ ಹುಲಿಗೆವ್ವನ ಬೆರಳು ಮುಂದೆ ಹೋದವು, ಹಿಂದಕ್ಕೆ ಎಳೆದುಕೊಂಡಳು.

ಇದೇ ಕೋಣೆಯಲ್ಲಿ, ಇದೇ ತೊಲೆಯ ಕೆಳಗೆ ನಿಂಬೆವ್ವ ಹುಟ್ಟಿದ್ದಳು. ಆಕೆಯೂ ಕಾಲು ಮುಂದಾಗಿ ಬಂದವಳೇ. ಆ ದಿನ ಗುರವ್ವ ಹಗ್ಗ ಹಿಡಿದು ನಿಂತಿದ್ದಳು, ಗುರವ್ವನ ಅತ್ತೆ ಎಳೆ ಎಂದು ಕಿರುಚುತ್ತಿದ್ದಳು. ಹುಲಿಗೆವ್ವ ನಿಂಬೆವ್ವನ ಬೆನ್ನಿಗೆ ಅಂಗೈ ಕೊಟ್ಟು ಆ ಕಥೆ ಹೇಳತೊಡಗಿದಳು. ನೀನು ಹುಟ್ಟಿದ್ದು ಹೀಗೆಯೇ, ಮೊದಲು ಎಡಗಾಲು ಹೊರಗೆ ಹಾಕಿದೆ, ಹಠಮಾರಿ, ಮುಂದೆ ಬರಲೊಲ್ಲೆ ಹಿಂದೆ ಹೋಗಲೊಲ್ಲೆ ಎಂದು ನಿಂತೆ, ನಿನ್ನ ಅಜ್ಜಿ ಕಿರುಚುತ್ತಿದ್ದಳು, ನಾನು ದ್ಯಾಮವ್ವನ ಹೆಸರು ಹೇಳುತ್ತ ಕೈ ಕಟ್ಟಿಕೊಂಡು ಕೂತೆ, ಆಮೇಲೆ ನೀನಾಗಿಯೇ ಬಂದೆ. ನೋವು ಬಂದಾಗ ಕಥೆ ನಿಲ್ಲಿಸುವಳು, ಇಳಿದಾಗ ಮುಂದುವರಿಸುವಳು. ನಿಂಬೆವ್ವ ಕೂಗುವುದನ್ನು ಬಿಟ್ಟು ಕೇಳತೊಡಗಿದಳು. ನಡುವೆ ಒಮ್ಮೆ, ಆಮೇಲೇನಾಯಿತು ಎಂದು ಕೇಳಿದಳಂತೆ. ಗುರವ್ವನೂ ಅಳು ನಿಲ್ಲಿಸಿ, ಹೌದು, ನನಗೂ ಹೀಗೇ ಆಗಿತ್ತು ಎಂದು ಮಗಳ ಬೆವರು ಒರೆಸಿದಳು.

ಕೂಸು ಹೊಕ್ಕಳದವರೆಗೆ ಬಂದು ನಿಂತಿತು. ಕೋಣೆಯಲ್ಲಿದ್ದವರಿಗೆ ಅದೊಂದು ಯುಗವಾಯಿತು. ಹುಲಿಗೆವ್ವ ಕೆಳಗೆ ಬಟ್ಟೆ ಹಿಡಿದು, ಮುಟ್ಟದೆ ಕಾದಳು. ಒಂದು ತೋಳು ಜಾರಿ ಬಂತು, ಇನ್ನೊಂದು ಬಂತು. ತಲೆ ಬರುವ ಹೊತ್ತಿಗೆ ಮಾತ್ರ ಕೈ ಕೊಟ್ಟು ಮೆಲ್ಲಗೆ ಮೇಲಕ್ಕೆ ಎತ್ತಿಕೊಂಡಳು. ಹೆಣ್ಣುಕೂಸು. ಅಳಲಿಲ್ಲ. ಬಾಯಿ ಒರೆಸಿ ಬೆನ್ನು ಉಜ್ಜಿದಳು, ಉಜ್ಜುತ್ತಲೇ ಇದ್ದಳು. ಆಮೇಲೆ ಮೇಕೆಮರಿಯಂತೆ ಒಂದು ಸಣ್ಣ ದನಿ ಬಂತು, ಅದರ ಹಿಂದೆಯೇ ದೊಡ್ಡ ಅಳು. ಹುಲಿಗೆವ್ವ ಅಷ್ಟಕ್ಕೆ ಏಳಲಿಲ್ಲ. ನಿಂಬೆವ್ವನ ರಕ್ತ ನಿಲ್ಲುವವರೆಗೆ ಹೊಟ್ಟೆಯ ಮೇಲೆ ಕೈ ಒತ್ತಿ ಕೂತೇ ಇದ್ದಳು. ನಿಂತಿತು ಎಂದು ಖಚಿತವಾದ ಮೇಲೆ ಹೊರಗೆ ಬಂದಳು.

ಬಿಸಿಲು ಇಳಿದಿತ್ತು. ಪೂಜ್ಯರು ಕಟ್ಟೆಯ ಮೇಲೆ ಹಾಗೆಯೇ ಕುಳಿತಿದ್ದರು, ಆ ದಿನದ ಪ್ರಸಾದ ಇನ್ನೂ ಆಗಿರಲಿಲ್ಲ. ಗುರವ್ವ ಮೊರ ತುಂಬ ಜೋಳ ತಂದಳು. ಅವರು ಎಂದಿನಷ್ಟೇ ಹಿಡಿದುಕೊಂಡು ಉಳಿದದ್ದನ್ನು ಬಾಣಂತಿಗಿರಲಿ ಎಂದು ಹಿಂದಿರುಗಿಸಿದರು. ಹುಲಿಗೆವ್ವ ಪಾದಕ್ಕೆ ಹಣೆಯಿಟ್ಟು, ಈಗಲೂ ಅಂಜಿಕೆ ಇತ್ತು ಅಜ್ಜಾರ ಎಂದಳು. ಪೂಜ್ಯರು ನಕ್ಕು, ಇರಲಿ ಎಂದರು. ಕೈ ಹಿಡಿಯಲು ಹೋದವಳನ್ನು ಬೇಡವೆಂದು, ಬೆತ್ತ ಊರಿಕೊಂಡು ಒಬ್ಬರೇ ಮಠಕ್ಕೆ ಹೋದರು.

ಅಂದಿನಿಂದ ಹುಲಿಗೆವ್ವನ ಬಾಯಿ ಕಡಿಮೆಯಾಯಿತು ಎಂದು ಯಾರೂ ಹೇಳುವುದಿಲ್ಲ, ಅದು ಇದ್ದ ಹಾಗೆಯೇ ಇತ್ತು. ಆದರೆ ಕೈಗುಣದ ಮಾತೆತ್ತಿದರೆ ಮಾತ್ರ ಸಿಟ್ಟಿಗೇಳುತ್ತಿದ್ದಳು. ಹೆರಿಗೆಯ ಮನೆಗೆ ಹೋದಾಗ ಒಳಗೆ ಕಾಲಿಡುವ ಮೊದಲು, ಹಿಂದಿನದೊಂದು ಹೆರಿಗೆಯನ್ನು ಬಸುರಿಗೆ ಕೇಳುವಂತೆ ಗಟ್ಟಿಯಾಗಿ ನೆನಪಿಸಿಕೊಳ್ಳುತ್ತಿದ್ದಳು. ಅಂಥ ಕಡೆಯಲ್ಲೂ ದೇವಿ ಬಂದಿದ್ದಾಳೆ, ಇಲ್ಲಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಿದ್ದಳು. ಹೊಸದಾಗಿ ಕಸುಬು ಕಲಿಯಲು ಬಂದ ಸೊಸೆಗೂ ಮದ್ದಿಗಿಂತ ಮೊದಲು ಅದನ್ನೇ ಕಲಿಸಿದಳು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಭಕ್ತರಿಗೆ ಸಂತೋಷ. ಆದರೆ ಮುಂದೆ ಕೆಲವು ವರ್ಷಗಳ ಮೇಲೆ, ಗುರುಪಾದಯ್ಯನವರು ಲಿಂಗೈಕ್ಯರಾದ ನಂತರ, ಊರಿನಲ್ಲಿ ಇನ್ನೊಂದು ಸಾವಾಯಿತು. ಕುರುಬರ ಮನೆಯ ಹುಡುಗಿ, ಹೆರಿಗೆ ಮಾಡಿಸಿದ್ದು ಹುಲಿಗೆವ್ವನೇ. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಬಸಲಿಂಗವ್ವನ ಹಾಗೆ ಮಡಿಲಿಗೆ ಕೊಟ್ಟು ಎರಡು ಮಾತು ಹೇಳಲು ಆ ಮನೆಯಲ್ಲಿ ಕೂಸಿರಲಿಲ್ಲ. ದಾರಿ ತೋರಿಸಲು ಪೂಜ್ಯರೂ ಇರಲಿಲ್ಲ. ಹುಲಿಗೆವ್ವ ಮಣ್ಣಿಗೆ ಹೋಗಿ ಬಂದು ಸ್ನಾನ ಮಾಡಿ, ದ್ಯಾಮವ್ವನ ಗುಡಿಯಲ್ಲಿ ಕಂಬಕ್ಕೆ ಒರಗಿ ಕತ್ತಲಾಗುವವರೆಗೆ ಅಳುತ್ತ ಕೂತಿದ್ದಳು. ಇವಳು ಮತ್ತೆ ಕೈ ಕಟ್ಟಿಕೊಳ್ಳುತ್ತಾಳೆ ಎಂದೇ ಊರಿನವರು ಅಂದುಕೊಂಡರು.

ಮರುದಿನ ಬೆಳಗ್ಗೆ ಹರಿಜನ ಕೇರಿಯಿಂದ ಒಬ್ಬ ಗಂಡಸು ಬಂದು ಆಕೆಯ ಅಂಗಳದಲ್ಲಿ ನಿಂತ. ಅವನ ಹೆಂಡತಿಗೆ ನೋವು ಶುರುವಾಗಿತ್ತು. ನಿನ್ನೆಯದು ತಿಳಿದಿದ್ದವನಾದ್ದರಿಂದ ಹೇಗೆ ಕರೆಯಬೇಕೆಂದು ಗೊತ್ತಾಗದೆ ಬಾಗಿಲ ಕಡೆ ನೋಡುತ್ತಿದ್ದ. ಹುಲಿಗೆವ್ವನ ಕಣ್ಣು ಇನ್ನೂ ಊದಿಕೊಂಡಿದ್ದವು. ಅವನ ಮುಖ ನೋಡಿಯೇ ಆಕೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಿನ್ನೆ ಹ್ವಾದಾಕಿಗೆ ಅತ್ತೀನಪ್ಪ, ಇನ್ನೂ ಅಳತೀನಿ. ಇವತ್ತ ಹಡಿಯಾಕಿ ಕಾಯಾಕ ಹತ್ಯಾಳ. ನಡಿ," ಎಂದು ಅವನಿಗಿಂತ ಮುಂದೆ ನಡೆದಳು.